ಮಠದಪಟ್ಟಿಯ ಇಪ್ಪತ್ತಮೂರು ಕಲ್ಲು

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಐದು ಕಲ್ಲು ಆರಿಸಿ, ತೊಳೆದು, ಸುಣ್ಣ ಹಚ್ಚಿ, ಬನ್ನಿ ಗಿಡದ ಬುಡಕ್ಕೆ ಪಾಂಡವರೆಂದು ಇಡುವುದು ನಮ್ಮ ಮನೆಯಲ್ಲಿ ಕಾಕಾನ, ಎಂದರೆ ಅಪ್ಪನ ತಮ್ಮನ, ಕೆಲಸ. ಪೂಜೆ ಮುಗಿಸಿ, ಎಡೆಯ ಅನ್ನವನ್ನು ಬೆಳೆಯ ಮೇಲೆಲ್ಲ ಚರಗವೆಂದು ಚೆಲ್ಲಿ, ಊಟವಾದ ಮೇಲೆ ಆ ಕಲ್ಲುಗಳನ್ನು ಯಾರೂ ಕೇಳುವುದಿಲ್ಲ. ಅವು ಬದುವಿಗೆ ಸೇರುತ್ತವೆ. ಮರುವರ್ಷ ಬೇರೆ ಐದು. ಉಗರಗೋಳದ ನಮ್ಮ ಹೊಲದ ಬದುವಿನಲ್ಲಿ ಹೀಗೆ ಸುಣ್ಣ ಮಾಸಿದ ಕಲ್ಲುಗಳ ಒಂದು ಗುಪ್ಪೆಯೇ ಇತ್ತು. ಅವುಗಳಲ್ಲಿ ಕೆಲವಕ್ಕೆ ಒಂದು ಮಗ್ಗುಲು ಉಳಿಯ ಏಟು ಬಿದ್ದಿದೆ ಎಂದು ನಾನು ಗಮನಿಸಿದ್ದು ಇತಿಹಾಸದಲ್ಲಿ ಎಂ.ಎ. ಓದುವಾಗ.

ಆ ಹೊಲಕ್ಕೆ ಮಠದಪಟ್ಟಿ ಎಂಬ ಹೆಸರಿದೆ. ಯಾಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತಿರದ ಒಂದು ಗುಡಿಯ ಹಿಂದೆ ಮುರಿದ ಶಾಸನವೊಂದು ಬಿದ್ದಿದೆ. ರಟ್ಟರು ಸವದತ್ತಿಯಿಂದ ಆಳುತ್ತಿದ್ದ ಕಾಲದ ಅಕ್ಷರಗಳು. ಕಾಳಾಮುಖ ಯತಿಗಳ ಮಠವೊಂದಕ್ಕೆ, ಅಲ್ಲಿ ಓದುವವರ ಊಟಕ್ಕೆ, ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಮಠದ ಹೆಸರಿದ್ದ ಸಾಲು ಒಡೆದುಹೋಗಿದೆ. ಎಲ್ಲೆಗಳು ಮಾತ್ರ ಉಳಿದಿವೆ: ಬಡಗಲಿಗೆ ಹಳ್ಳ, ಮೂಡಲಿಗೆ ಗುಡ್ಡದ ದಾರಿ. ಎರಡರ ನಡುವೆ ಇರುವುದು ನಮ್ಮ ಹೊಲ.

ಎಂ.ಎ. ಮುಗಿದ ವರ್ಷದ ಎಳ್ಳಮಾವಾಸ್ಯೆಗೆ ಬದುವಿನ ಮೇಲೆ ನಿಂತು ಬಿಳಿಜೋಳ ನೋಡಿದೆ. ಎಲ್ಲ ಕಡೆ ಎದೆಯುದ್ದ ಬೆಳೆದ ಜೋಳ ಒಂದು ಗೆರೆಯಲ್ಲಿ ಮಾತ್ರ ಮೊಳಕಾಲುದ್ದ ನಿಂತು ಒಣಗಿತ್ತು. ಗೆರೆ ನೇರವಾಗಿ ಹೋಗಿ ಒಂದು ಕಡೆ ಮೂಲೆ ತಿರುಗಿತ್ತು. ಮಣ್ಣಿನ ಕೆಳಗೆ ಗೋಡೆಯಿದ್ದರೆ ಬೇರು ಇಳಿಯುವುದಿಲ್ಲ. ಕೊಯ್ಲಾದ ಮೇಲೆ ನಾಲ್ಕು ಶನಿವಾರ ಬೈಲಹೊಂಗಲದಿಂದ ಬಸ್ಸು ಹಿಡಿದು ಬಂದು ಅಳೆದೆ. ಅಲ್ಲಿನ ಕಾಲೇಜಿನಲ್ಲಿ ಆಗಷ್ಟೇ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಮಣ್ಣಿನಿಂದ ತಲೆ ಎತ್ತಿದ ಕಲ್ಲು ಇಪ್ಪತ್ತಮೂರು. ಪ್ರತಿಯೊಂದಕ್ಕೂ ನಂಬರು ಕೊಟ್ಟು, ಉದ್ದಗಲ ಬರೆದುಕೊಂಡು, ಫೋಟೋ ತೆಗೆದೆ. ಹನ್ನೊಂದನೆಯದು ಮೂಲೆಗಲ್ಲು. ಅಗೆಯಲಿಲ್ಲ. ಬಲ್ಲವರು ಬರುವ ಮೊದಲು ಒಂದು ಚಮಚೆ ಮಣ್ಣನ್ನೂ ತೆಗೆಯಬಾರದು ಎಂದು ನಮಗೆ ಕಲಿಸಿದ್ದರು.

ಅದೇ ಬೇಸಿಗೆಯಲ್ಲಿ ಕಾಕಾ ಮಠದಪಟ್ಟಿಯನ್ನು ಸಪಾಟು ಮಾಡಿಸಲು ನಿಶ್ಚಯಿಸಿದ. ಗುಡ್ಡದ ದೇವಸ್ಥಾನಕ್ಕೆ ಬರುವವರ ಗಾಡಿ ನಿಲ್ಲಿಸಲು ಜಾಗ ಸಾಲುತ್ತಿರಲಿಲ್ಲ. ಅಕ್ಕಪಕ್ಕದ ಹೊಲಗಳಿಗೆ ಆಗಲೇ ಗರಸು, ಅಂದರೆ ಜಲ್ಲಿಮಣ್ಣು, ಬಿದ್ದು ಪಾರ್ಕಿಂಗ್ ದುಡ್ಡು ಬರುತ್ತಿತ್ತು.

“ಕಾಕಾ, ಅಲ್ಲಿ ಮಠ ಐತಿ” ಅಂದೆ.

“ಮಠ ಇದ್ರ ನನಗ್ಯಾಕ ಒಂದಿನಾನೂ ಪ್ರಸಾದಕ್ಕ ಕರಿಲಿಲ್ಲವಾ?” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ, “ಹೋಗ್ಲಿ ಬಿಡು. ಸಾಹೇಬ್ರನ್ನ ಕರಸು. ಗ್ವಾಡಿ ಐತಿ ಅಂತ ಅವರು ಬರದ್ರ ಅಷ್ಟು ಜಾಗಾ ಬಿಟ್ಟು ಉಳದದ್ದು ಸಪಾಟ ಮಾಡತೇನಿ. ಇಲ್ಲಂದ್ರ ನೀ ಮತ್ತ ಬಾಯಿ ತಗೀಬಾರ್ದು” ಅಂದ.

ನನಗೆ ಬೇಕಾದದ್ದೂ ಅಷ್ಟೇ, ಆಗಲಿ ಎಂದು ಮಾತು ಕೊಟ್ಟೆ. ಗೋಡೆ ಇದ್ದಲ್ಲೇ ಇರುವಾಗ ಬಲ್ಲವರೊಬ್ಬರು ನೋಡಿ ಬರೆದುಕೊಳ್ಳಬೇಕು. ಪುರಾತತ್ವ ಇಲಾಖೆಗೆ ಮೂರು ಸಲ ಅರ್ಜಿ ಹಾಕಿದೆ. ಮಳೆಗಾಲವೆಲ್ಲ ಕಾಕಾ ಹೊಲ ಬಿತ್ತದೆ ಕಾದ. ಅದನ್ನು ಅವನ ಪರವಾಗಿ ಹೇಳಲೇಬೇಕು. ಅಕ್ಟೋಬರಿನಲ್ಲಿ ಫೋನು ಬಂತು: ಶುಕ್ರವಾರ ಬರುತ್ತೇವೆ. ಕಾಕಾನಿಗೆ ತಿಳಿಸಿದೆ. “ಚಿಂತಿ ಬಿಡು, ಎಲ್ಲಾ ತಯಾರಿ ಇಡತೇವಿ” ಅಂದ. ತಯಾರಿ ಎಂದರೆ ಚಹಾ, ಅವಲಕ್ಕಿ ಎಂದುಕೊಂಡೆ.

ಶುಕ್ರವಾರ ಇಲಾಖೆಯವರನ್ನು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಎದುರುಗೊಂಡು ಅವರ ಜೀಪಿನಲ್ಲೇ ಹೊಲಕ್ಕೆ ಬಂದೆ. ಬದುವಿನ ಮೇಲೆ ಜಮಖಾನೆ ಹಾಸಿತ್ತು. ಕಾಕಾ ಹೊಸ ಪಟಗ ಸುತ್ತಿ ನಿಂತಿದ್ದ. ಅವನ ಹಿಂದೆ ಹೊಲದ ತುಂಬ ಜೆಸಿಬಿಯ ಹಲ್ಲಿನ ಗುರುತು. ಬನ್ನಿ ಗಿಡದ ನೆರಳಲ್ಲಿ ಇಪ್ಪತ್ತಮೂರು ಕಲ್ಲುಗಳು ಒಂದೇ ಸಾಲಿನಲ್ಲಿ, ಮೈ ತುಂಬ ಸುಣ್ಣ ಹಚ್ಚಿಕೊಂಡು, ಕುಂಕುಮವಿಟ್ಟುಕೊಂಡು ಕುಳಿತಿದ್ದವು.

“ಬರ್ರಿ ಸಾಹೇಬ್ರ, ಕುಂತು ನೋಡ್ರಿ. ನಿಮಗ ಬಗ್ಗೋ ತ್ರಾಸ ಬ್ಯಾಡಂತ ಎಲ್ಲಾ ಮ್ಯಾಲ ಎತ್ತಿಸೀನಿ. ನಮ್ಮ ಹುಡಿಗಿ ಎಣಿಸಿದಷ್ಟೂ ಅದಾವು, ಒಂದೂ ಕಳದಿಲ್ಲ.”

ಅಧಿಕಾರಿ ವಯಸ್ಸಾದವರು. ಬಗ್ಗಿ ಒಂದು ಕಲ್ಲಿನ ಸುಣ್ಣವನ್ನು ಬೆರಳಿನಿಂದ ಒರೆಸಿ ನೋಡಿದರು.

“ಇವು ಎಲ್ಲಿದ್ದೂರಿ ಯಜಮಾನ್ರ?”

“ಇಲ್ಲೇ ರೀ, ನೆಲದಾಗ.”

“ನೆಲದಾಗ ಎಲ್ಲಿ?”

ಕಾಕಾ ಇಡೀ ಹೊಲದ ಕಡೆ ಕೈ ಬೀಸಿದ. ಕಲ್ಲು ಕಿತ್ತ ಕುಣಿಗಳನ್ನು ಸಾಹೇಬರು ಎಡವಬಾರದೆಂದು ಮುಚ್ಚಿಸಿ, ಮೇಲೆ ಗರಸು ಹಾಕಿಸಿದ್ದ. ನಾನು ನನ್ನ ಅಳತೆಗಳನ್ನೂ ಫೋಟೋಗಳನ್ನೂ ತೋರಿಸಿದೆ. ಅವರು ತಾಳ್ಮೆಯಿಂದಲೇ ನೋಡಿದರು. ಫೋಟೋದಲ್ಲಿದ್ದದ್ದು ಮಣ್ಣು ಮೆತ್ತಿದ ಕಲ್ಲಿನ ತಲೆಗಳು ಮಾತ್ರ. ಕೆಳಗೆ ಕಲ್ಲಿನ ಎಷ್ಟು ವರಸೆ ಇತ್ತು, ಒಳಗೆ ಯಾವ ಕೋಣೆ ಇತ್ತು, ಏನೂ ಇಲ್ಲ. ಗರಸನ್ನು ಎರಡು ಕಡೆ ಸರಿಸಿ ಸಲಿಕೆ ಇಳಿಸಿ ನೋಡಿದರು. ಕಲಸಿದ ಮಣ್ಣಷ್ಟೇ ಬಂತು.

“ಇಷ್ಟರ ಮ್ಯಾಲ ಗ್ವಾಡಿ ಅಂತ ಹ್ಯಾಂಗ ಬರೀಲಿ ಹೇಳವಾ? ಬಿಡಿ ಕಲ್ಲು ಅಂತ ಬರೀಬೇಕಾಗತದ” ಅಂದರು. ಹಾಗೆಯೇ ಬರೆದುಕೊಂಡರು. ಚಹಾ ಕುಡಿದು ಹೋದರು.

ಜೀಪು ಮರೆಯಾದ ಮೇಲೆ ಕಾಕಾ ನನ್ನ ಹತ್ತಿರ ಬಂದ. “ಯಾಕವಾ, ಸುಣ್ಣ ತೆಳ್ಳಗಾತೇನು?”

ನನಗೆ ಸಿಟ್ಟು ಮಾಡಲು ಆಗಲಿಲ್ಲ. ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಕಾಕಾ, ಅವನ ಹೆಂಡತಿ ಕಾಕು ಇಬ್ಬರೂ ಕೂತು ಒಂದೊಂದೇ ಕಲ್ಲನ್ನು ತೊಳೆದಿದ್ದರು. ಗೌರವ ತೋರಿಸಬೇಕಾದ ಕಲ್ಲಿಗೆ ಏನು ಮಾಡಬೇಕೆಂದು ಅವರಿಗೆ ಗೊತ್ತಿದ್ದದ್ದು ಅದೊಂದೇ. ಎಂಟು ನೂರು ವರ್ಷ ನೆಲದಲ್ಲಿ ಇದ್ದಂತೆಯೇ ಇದ್ದ ಗೋಡೆ, ನೋಡುವವರು ಬರುತ್ತಾರೆಂಬ ಕಾರಣಕ್ಕೇ ಹೋಯಿತು. ಮಾತು ಕೊಟ್ಟಿದ್ದೆನಲ್ಲ, ಮತ್ತೆ ಬಾಯಿ ತೆಗೆಯಲಿಲ್ಲ. ಮರುವಾರ ಉಳಿದ ಹೊಲಕ್ಕೂ ಗರಸು ಬಿತ್ತು.

ಈ ಸಲದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಅಲ್ಲಿ ಬೆಳೆಯೇ ಇರಲಿಲ್ಲ. ಆದರೂ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಕಡಬು ಕಟ್ಟಿಕೊಂಡು ಹೋದೆವು. ಬನ್ನಿ ಗಿಡದ ಸುತ್ತ ನಾಲ್ಕು ಮಾರು ಜಾಗ ಮಾತ್ರ ಉಳಿದಿತ್ತು. ಅಲ್ಲೇ ಆ ಸಾಲು. ಎರಡು ಟೆಂಪೋ ಆಗಲೇ ಬಂದು ನಿಂತಿದ್ದವು. ಕಾಕು ಸುಣ್ಣದ ಗಡಿಗೆ ಇಳಿಸಿ, “ಈ ಸಲ ಪಾಂಡವರನ್ನ ನೀನ ಆರಸು” ಅಂದಳು.

ಮೂಲೆಗಲ್ಲು ಹುಡುಕಿದೆ. ಅದರ ಉದ್ದಗಲ ನನಗೆ ಬಾಯಿಪಾಠ. ಆದರೆ ನಾನು ಅಳೆದದ್ದು ಮಣ್ಣಿನ ಮೇಲೆ ಕಂಡ ಭಾಗವನ್ನು. ಪೂರ್ತಿ ಹೊರಬಂದ ಕಲ್ಲುಗಳಲ್ಲಿ ಯಾವುದೂ ಆ ಅಳತೆಗೆ ಕೂಡುತ್ತಿರಲಿಲ್ಲ. ಉಳಿಯ ಗುರುತೂ ಸುಣ್ಣದ ಕೆಳಗೆ ಸೇರಿತ್ತು. ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬಂದೆ.

“ಲಗೂ ಮಾಡವಾ, ಎಡಿ ಆರತೈತಿ” ಅಂದಳು ಕಾಕು. “ಯಾವುದಾದರೇನು? ಐದು ತೋರಸು, ಸಾಕು.”

ಹತ್ತಿರ ಇದ್ದ ಐದು ತೋರಿಸಿದೆ.