ಹೆಪ್ಪಿನ ಬಟ್ಟಲು

ಮೊಸರಿನ ಭರಣಿಯ ಮುಚ್ಚಳ ತೆಗೆದ ಕೂಡಲೇ ಏಳುವ ಆ ತಣ್ಣನೆಯ ಹುಳಿ ವಾಸನೆ ನಿಮಗೆ ಹಿಡಿಸುವುದಿಲ್ಲ ಎಂದು ನನಗೆ ಗೊತ್ತು, ಮಕ್ಕಳೇ. ಕಳೆದ ರಜೆಯಲ್ಲಿ ಇಬ್ಬರೂ ಮೂಗು ಹಿಡಿದುಕೊಂಡು ಅಡುಗೆಮನೆಯಿಂದ ಓಡಿದ್ದಿರಿ. ಇವತ್ತು ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬಂದು, ನೆಂಟರ ಹಾಗೆ, ಭರಣಿಯ ಪಕ್ಕದಲ್ಲಿ ಕುಳಿತಿತ್ತು. ಮುಚ್ಚಳ ತೆಗೆದೆ. ತಳದಲ್ಲಿ ಸ್ವಲ್ಪ ಮೊಸರು ಉಳಿದಿತ್ತು, ನಾಳೆಯ ಹಾಲಿಗೆ ಹೆಪ್ಪು ಹಾಕಲು ಬೇಕಾದಷ್ಟು. ಅದನ್ನು ನೋಡುತ್ತ ನಿಂತವಳಿಗೆ ವಾರಿಜಳ ನೆನಪು ಬಂತು. ಮತ್ತೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ವಾರಿಜ ನೆರಿಯ ಎಂಬ ಊರಿನ ಕಡೆಯವಳು. ನಾನು ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ, ಲಾಯಿಲದ ಈ ಮನೆಗೆ ನನ್ನನ್ನು ನೋಡಿಕೊಳ್ಳಲು ಬಂದ ಹೋಮ್ ನರ್ಸ್ ಅವಳು. ಆಗ ನೀವು ತುಂಬ ಚಿಕ್ಕವರು. ಆಸ್ಪತ್ರೆಯಲ್ಲಿ ನನ್ನ ವಾಕರನ್ನು ಉಲ್ಟಾ ಮಾಡಿ ಬಸ್ಸು ಬಿಟ್ಟದ್ದು ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಅಮ್ಮನಿಗೆ ನನ್ನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋಗುವ ಮನಸ್ಸು. ನನಗೆ ನನ್ನ ಮನೆಯಲ್ಲೇ ಇರುವ ಮನಸ್ಸು. ಆದರೆ ಅದನ್ನು ಹೇಳಲು ಬಾಯಿ ಬರಬೇಕಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಲಗಿದ್ದೆ. ಅಷ್ಟರಲ್ಲೇ ನಿಮ್ಮ ಅಮ್ಮನಿಗೆ ಅರ್ಥವಾಯಿತೋ ಏನೋ.

"ದೀಪಾವಳಿವರೆಗೆ ನೋಡುವ," ಎಂದಳು. "ಅಷ್ಟರೊಳಗೆ ನೀನೊಬ್ಬಳೇ ಗೇಟು ದಾಟಿ ನಡೆದರೆ ಇಲ್ಲೇ ಇರು. ಇಲ್ಲದಿದ್ದರೆ ನನ್ನ ಜೊತೆ ಬರಬೇಕು. ಆಮೇಲೆ ಸೆರಗು ಸುತ್ತಿದರೆ ನಾನು ಕೇಳುವವಳಲ್ಲ."

ನನ್ನ ಈ ಬಾಯಿಯ ಕಥೆಯನ್ನೂ ಹೇಳಿಬಿಡುತ್ತೇನೆ. ನಿಮ್ಮ ಅಜ್ಜ ಮೂಡುಬಿದಿರೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ದಿನವಿಡೀ ಬಸ್ಸಿನಲ್ಲಿ ಮಾತಾಡಿ, ಉಳಿದ ಮಾತನ್ನು ಮನೆಗೆ ತರುತ್ತಿದ್ದರು. ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಪೊಳಲಿ ದೇವಸ್ಥಾನಕ್ಕೆ ಹೋದರೆ ಅಲ್ಲಿಯೂ, ನನ್ನ ಪಾಲಿನ ಮಾತನ್ನು ಅವರೇ ಆಡುತ್ತಿದ್ದರು. ನನಗೆ ಅದು ಕೊಡೆಯ ಅಡಿಯಲ್ಲಿ ನಡೆದ ಹಾಗೆ ಸುಖವಾಗಿತ್ತು. ಅವರು ಹೋದ ಮೇಲೆ ಕೊಡೆ ಮಡಚಿತು. ಯಾರಾದರೂ ತಾವಾಗಿ ಬಂದು ಮಾತಾಡಿಸಿದರೆ ನಗುತ್ತಿದ್ದೆ, ಅಷ್ಟೆ. ಪಕ್ಕದ ಮನೆಯ ಸುಮತಿಯಕ್ಕ ಗೋಡೆಯಾಚೆಯಿಂದ ಕರೆಯುತ್ತಿದ್ದರು, ಬಸಳೆ ಕೊಟ್ಟು ಹೋಗುತ್ತಿದ್ದರು. ಕಟ್ಟಿದ ಬೀಡಿಯನ್ನು ಡಿಪೋಗೆ ಕೊಟ್ಟು ಹಿಂದೆ ಬರುವ ಹೆಂಗಸರು ಗೇಟಿನಲ್ಲಿ ನಿಂತು ನೀರು ಕೇಳುತ್ತಿದ್ದರು.

ವಾರಿಜ ಬಂದ ಮೇಲೆ ಅದೂ ನಿಂತಿತು. ಊಟ ಹೊತ್ತಿಗೆ ಸರಿಯಾಗಿ, ಮಾತ್ರೆ ಹೊತ್ತಿಗೆ ಸರಿಯಾಗಿ, ಕಾಲಿಗೆ ಎಣ್ಣೆ, ತಲೆಗೆ ಬಿಸಿನೀರು. ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಗೇಟಿನ ಚಿಲಕದ ಶಬ್ದ ಕೇಳುವುದೇ ನಿಂತುಹೋಯಿತು. ನಾನು ಬಿದ್ದದ್ದರಿಂದ ಅವರಿಗೆಲ್ಲ ನಾನು ಬೇಡವಾದೆನೇನೋ ಅಂದುಕೊಂಡೆ. ಮಧ್ಯಾಹ್ನಗಳಲ್ಲಿ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿಯಲ್ಲಿ ಮಾಡಿನ ಹಂಚು ನೋಡುತ್ತ ಮಲಗುತ್ತಿದ್ದೆ. ಕೆಲವೊಮ್ಮೆ ಮನೆ ಒಂದು ನಿಂತ ಬಸ್ಸಿನ ಹಾಗೆಯೂ, ಎಲ್ಲರೂ ಇಳಿದು ಹೋಗಿ ನಾನೊಬ್ಬಳೇ ಕೊನೆಯ ಸೀಟಿನಲ್ಲಿ ಉಳಿದ ಹಾಗೆಯೂ ಅನ್ನಿಸುತ್ತಿತ್ತು. ವಾಕರು ಗೋಡೆಗೆ ಒರಗಿಕೊಂಡೇ ಇರುತ್ತಿತ್ತು. ಎದ್ದು ನಡೆದು ಹೋಗುವುದಾದರೂ ಎಲ್ಲಿಗೆ?

ಹಾಗಿರುವಾಗ ಒಂದು ಸಂಜೆ ವಾರಿಜ ಅಡುಗೆಮನೆಯಿಂದ ಬಂದು ಹೆಪ್ಪು ಇಲ್ಲ ಎಂದಳು. ಇದ್ದ ಮೊಸರೆಲ್ಲ ಮಧ್ಯಾಹ್ನವೇ ಮುಗಿಯಿತಂತೆ. ದನ ಕಟ್ಟಿದ ಮನೆಯಲ್ಲಿ ಬೆಳೆದವಳು, ನಾಳೆಗೆ ಒಂದು ಚಮಚ ಎತ್ತಿಡಲು ಮರೆಯುವುದುಂಟೇ? ನನಗೆ ಸ್ವಲ್ಪ ಸಿಟ್ಟೇ ಬಂತು. ಪಕ್ಕದಿಂದ ತರಲು ಹೇಳಿದೆ.

"ನಾನು ಹೊರಗಿನವಳು ಅಮ್ಮ," ಎಂದಳು. "ಗುರುತಿಲ್ಲದವಳು ಸಂಜೆ ಹೊತ್ತು ಹೋಗಿ ಹೆಪ್ಪು ಕೇಳಿದರೆ ಯಾರು ಕೊಡ್ತಾರೆ? ಅದಕ್ಕೆ ನಿಮ್ಮ ಮುಖವೇ ಆಗಬೇಕು."

"ಪ್ಯಾಕೆಟ್ ಮೊಸರು ತಂದು ಹಾಕು."

"ಹಾಕ್ತೇನೆ. ನಾಳೆ ಮೊಸರು ನೂಲು ನೂಲು ಬಂದರೆ ಮುಖ ಸಿಂಡರಿಸಬಾರದು."

ನನ್ನ ನಾಲಿಗೆಯ ಚಪಲ ಅವಳಿಗೆ ಗೊತ್ತಿತ್ತು. ಹೊತ್ತು ಕಂತಿ ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಹಾಲು, ಮೊಸರು ಹೊರಗೆ ಕೊಡುವುದಿಲ್ಲ. ಸುಮತಿಯಕ್ಕ ಜೈನರು, ಹೊತ್ತು ಕಂತುವ ಮೊದಲೇ ಅವರ ರಾತ್ರಿಯ ಊಟವೂ ಆಗಬೇಕು. ಹೋಗುವುದಾದರೆ ಬೆಳಕಿರುವಾಗಲೇ ಹೋಗಬೇಕು. ವಾರಿಜ ನನ್ನ ಹಳೆಯ ಲಂಗದ ತುಂಡಿನಿಂದ ಹೊಲಿದ ಒಂದು ಚೀಲವನ್ನು ತಂದು ವಾಕರಿಗೆ ಕಟ್ಟಿ, ಅದರೊಳಗೆ ಬಟ್ಟಲಿಟ್ಟಳು. ಅದನ್ನು ಮೊದಲೇ ಹೊಲಿದು ಇಟ್ಟಿದ್ದಳಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಗೇಟಿನಿಂದ ಗೇಟಿಗೆ ಎಷ್ಟು ದೂರ, ನೀವು ಒಂದೇ ಓಟದಲ್ಲಿ ಮುಟ್ಟುತ್ತೀರಿ. ನನಗೆ ಅಂದು ಅದು ಪೊಳಲಿಯಷ್ಟು ದೂರವಾಗಿ ಕಂಡಿತು. ನನ್ನ ಹಿಂದೆ ವಾರಿಜ ಗೇಟಿಗೆ ಒರಗಿ ಫೋನ್ ನೋಡುತ್ತಿದ್ದಳು. ಕಣ್ಣು ಮಾತ್ರ ನನ್ನ ಕಾಲಿನ ಮೇಲೆ. ನೋವಿಗಿಂತ ನನಗೆ ಹೆದರಿಕೆ, ಏನೆಂದು ಕೇಳುವುದು ಎಂದು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು, ಶಾಲೆಯ ಇನ್‌ಸ್ಪೆಕ್ಟರ್ ಬರುವ ದಿನದ ಹಾಗೆ, ಬಾಯಿಪಾಠ ಮಾಡಿದೆ. ಅಲ್ಲಿ ಹೋಗಿ ನಿಂತಾಗ ಅದು ಮರೆತುಹೋಯಿತು. ಬಟ್ಟಲನ್ನು ಚಾಚಿದೆ, ಅಷ್ಟೆ.

ಸುಮತಿಯಕ್ಕ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಹೊರಗೆ ಬಂದರು. ನಮ್ಮ ಮಾತೆಲ್ಲ ತುಳುವಿನಲ್ಲೇ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮಗೆ ಜನ ಉಂಟಲ್ಲ ಎಂದು ನಾವು ಬರಲಿಲ್ಲ ಮಾರಾಯರೇ," ಎಂದರು. "ನರ್ಸ್ ಇರುವ ಮನೆಗೆ ಸುಮ್ಮನೆ ಹೋಗಿ ಕೂರುವುದು ಹೇಗೆ? ನೀವು ಒಂದು ಸಲ ಕರೆಯಬಾರದಿತ್ತಾ?"

ನಾನು ಬೇಡವಾದದ್ದಲ್ಲ. ಅವರದು ಮರ್ಯಾದೆ, ನನ್ನದು ನಾಚಿಕೆ. ಎರಡೂ ಸೇರಿ ನಡುವೆ ಗೋಡೆ ಕಟ್ಟಿದ್ದವು.

ಮರುದಿನವೂ ಹೆಪ್ಪು ಇರಲಿಲ್ಲ. ಅದರ ಮರುದಿನವೂ ಇಲ್ಲ. ಸುಮತಿಯಕ್ಕನ ಜಗಲಿಯಲ್ಲಿ ನನಗೊಂದು ಕುರ್ಚಿ ಬಂತು. ಬೀಡಿಯ ಹೆಂಗಸರು ಅಲ್ಲೇ ನಿಂತು ನನ್ನ ಚೀಲವನ್ನು ತಮಾಷೆ ಮಾಡತೊಡಗಿದರು. ಒಬ್ಬಳು, ಚೀಲದಲ್ಲಿ ಹುಂಜ ಹಿಡಿದು ಕೋಳಿಅಂಕಕ್ಕೆ ಹೊರಟವರ ಹಾಗೆ ಕಾಣುತ್ತೀರಿ ಎಂದಾಗ, ಕೋಳಿ ಮೊದಲೇ ಸೋತಿದೆ ಎಂದು ನನ್ನ ಬಾಯಿಯಿಂದಲೇ ಬಂತು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ನಾನೇ. ನಿಮ್ಮ ಅಜ್ಜ ಎಲ್ಲೋ ನಿಂತು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ ಹಾಗಾಯಿತು.

ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಸದ್ದಿಲ್ಲದೆ ಅಡುಗೆಮನೆಯ ಬಾಗಿಲಿಗೆ ಬಂದೆ. ವಾರಿಜ ನನಗೆ ಬೆನ್ನು ಹಾಕಿ, ಭರಣಿಯ ತಳದ ಮೊಸರನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಳು. ಅವಳಿಗೆ ಮೊಸರು ಇಷ್ಟವಿಲ್ಲ, ಊಟಕ್ಕೆ ಒಂದು ದಿನವೂ ಹಾಕಿಕೊಂಡವಳಲ್ಲ. ಔಷಧಿ ನುಂಗುವವರ ಹಾಗೆ ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಾನು ಬಂದ ಹಾಗೆಯೇ ಹಿಂದೆ ಹೋಗಿ ಮಲಗಿದೆ. ಸಂಜೆ ಅವಳು ಬಂದು ಎಂದಿನಂತೆ ಹೆಪ್ಪು ಇಲ್ಲ ಎಂದಳು. ಎಂದಿನಂತೆ ನಾನೂ ಅವಳನ್ನು ಬೈದು, ಬಟ್ಟಲು ತೆಗೆದುಕೊಂಡೆ.

ದೀಪಾವಳಿಗೆ ಮುಂಚೆ ನಿಮ್ಮ ಅಮ್ಮ ಹೇಳದೆ ಬಂದಳು. ಹಾಸಿಗೆ ಖಾಲಿ, ವಾಕರೂ ಇಲ್ಲ. ಹೆದರಿ ರಸ್ತೆಗೆ ಓಡಿ ಬಂದವಳಿಗೆ ಜಗಲಿಯಲ್ಲಿ ನಾನು ಕಂಡೆ. ಮೂವರು ಹೆಂಗಸರ ನಡುವೆ ಕುಳಿತು, ಕೈ ಆಡಿಸುತ್ತ ಏನೋ ಹೇಳುತ್ತಿದ್ದೆನಂತೆ. ಅವಳು ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಂತಳು.

"ನಿನಗೆ ಬಂಟ್ವಾಳಕ್ಕೆ ಬರಲು ಪುರುಸೊತ್ತು ಎಲ್ಲುಂಟು?" ಎಂದಳು ಕೊನೆಗೆ. ನಗುತ್ತಲೇ ಹೇಳಿದಳು, ಆದರೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ವಾರಿಜ ಆಮೇಲೆ ಮೂಡುಬಿದಿರೆಯ ಒಂದು ಮನೆಗೆ ಹೋದಳು. ಅಲ್ಲಿಯೂ ಮೊಸರು ತಿನ್ನುತ್ತಿದ್ದಾಳೋ, ಅಲ್ಲಿಗೆ ಬೇರೆ ಏನಾದರೂ ಹುಡುಕಿದ್ದಾಳೋ, ನಾನು ಕೇಳಲಿಲ್ಲ.

ಇವತ್ತು ಇದನ್ನೆಲ್ಲ ನೆನೆಯಲು ಕಾರಣವಿದೆ. ಸುಮತಿಯಕ್ಕ ಮಂಡಿಯ ಆಪರೇಷನ್ ಮಾಡಿಸಿಕೊಂಡು ನಿನ್ನೆ ಮನೆಗೆ ಬಂದಿದ್ದಾರೆ. ಅವರನ್ನು ನೋಡಿಕೊಳ್ಳಲು ಒಬ್ಬಳು ಹೋಮ್ ನರ್ಸ್ ಬಂದಿದ್ದಾಳೆ. ಬೆಳಿಗ್ಗೆಯಿಂದ ನಾನು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ: ಅವರಿಗೆ ಜನ ಉಂಟಲ್ಲ, ಸುಮ್ಮನೆ ಹೋಗಿ ಯಾಕೆ ತೊಂದರೆ ಕೊಡುವುದು, ಗುಣವಾದ ಮೇಲೆ ಹೋದರಾಯಿತು ಎಂದು.

ಭರಣಿಗೆ ನೀರು ಹಾಕಿ ಕುಲುಕಿ, ಉಪ್ಪು ಹಾಕಿ, ಇದ್ದ ಮೊಸರನ್ನೆಲ್ಲ ಕುಡಿದುಬಿಟ್ಟೆ. ಬಟ್ಟಲು ತೊಳೆದಾಯಿತು. ಕೋಲು ಬಾಗಿಲ ಹತ್ತಿರ ಇದೆ. ಬಿಸಿಲು ಭರಣಿಯ ಪಕ್ಕದಿಂದ ಎದ್ದು ಗೋಡೆ ಹತ್ತುತ್ತಿದೆ, ಹೊತ್ತು ಕಂತಲು ಇನ್ನೂ ಸ್ವಲ್ಪ ಇದೆ. ನಮ್ಮಲ್ಲಿ ಹೆಪ್ಪು ಇಲ್ಲ, ಸ್ವಲ್ಪ ಕೊಡಿ ಎಂದು ಸುಮತಿಯಕ್ಕನಲ್ಲಿ ಕೇಳಬೇಕು.