ನೀರು ಬತ್ತೈತೆ

ಯಾರಾದರೂ ದೆವ್ವದ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ನೆಂಟರ ಮನೆಯಲ್ಲಿ ಬಿಳಿ ಸೀರೆ, ಮಲ್ಲಿಗೆ ವಾಸನೆ ಎಂದು ಶುರುಮಾಡುವವರಿಗೆ, "ನೀವೇ ಕಣ್ಣಾರೆ ನೋಡಿದ್ರಾ?" ಎಂದು ಒಂದೇ ಪ್ರಶ್ನೆ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ನೋಡಿದವರು ಯಾವಾಗಲೂ ಅವರ ಚಿಕ್ಕಪ್ಪನ ಸ್ನೇಹಿತರೇ ಆಗಿರುತ್ತಿದ್ದರು. ಈಗ ಹೇಳಹೊರಟಿರುವುದು ನನಗೇ ಆದದ್ದು. ಕಣ್ಣಿಂದ ಏನನ್ನೂ ನೋಡಲಿಲ್ಲ, ಕಿವಿಯಿಂದ ಕೇಳಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇಷ್ಟು ಹೊತ್ತಿಗೆ ಕುಕ್ಕರ್ ನೋಡಲು ಎದ್ದಿರುತ್ತಿದ್ದೆ.

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಕೆಳಗೆ ನಾವು, ಮಹಡಿಯಲ್ಲಿ ಮೈದುನನ ಸಂಸಾರ. ಅವನ ಹೆಂಡತಿ ಶೈಲಾ ನನಗಿಂತ ಬಹಳ ಚಿಕ್ಕವಳು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದುಕೊಂಡಿದ್ದ ನೆಂಟರಿಗೆಲ್ಲ ನಿರಾಸೆಯಾಗುವ ಹಾಗೆ ನಾವಿಬ್ಬರೂ ಒಟ್ಟಿಗೆ ಸೈಕಲ್ ತುಳಿಯುತ್ತಿದ್ದೆವು. ಆ ಹುಚ್ಚು ಹಿಡಿಸಿದವಳು ನಾನು, ನನಗಿಂತ ಜೋರಾಗಿ ತುಳಿಯುತ್ತಿದ್ದವಳು ಅವಳು. ನಮ್ಮದು ಒಂದೇ ಹಟ, ಲಾರಿ ಬಸ್ಸು ಕಾರು ಓಡಾಡದ ದಾರಿಯೇ ಬೇಕು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಸೈಕಲ್ ಹೊಡೆಯುವುದೆಂದರೆ ಯಮನಿಗೆ ನಾವಾಗಿಯೇ ವಿಳಾಸ ಬರೆದುಕೊಟ್ಟ ಹಾಗೆ. ಹುಡುಕಿದರೆ ಅಂಥ ದಾರಿಗಳು ನಮ್ಮ ಕಡೆ ಇನ್ನೂ ಇವೆ. ಒಂದು ಕೆರೆ ಏರಿಯಿಂದ ಇನ್ನೊಂದು ಕೆರೆ ಏರಿಗೆ, ನೀಲಗಿರಿ ತೋಪಿನ ನಡುವೆ, ಬಂಡೆಗುಡ್ಡಗಳ ಬುಡದಲ್ಲಿ ಏರುತ್ತಾ ಇಳಿಯುತ್ತಾ ಹೋಗುವ ಮಣ್ಣಿನ ಜಾಡುಗಳು. ಲೇಔಟಿನ ಕಲ್ಲು ನೆಡುವವರು ಬರುವ ಮೊದಲು ನಾವು ನೋಡಿ ಮುಗಿಸಬೇಕು ಎಂಬ ಅವಸರ ನಮಗೆ.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಎಷ್ಟೋ ಕಾಲದಿಂದ ತುಂಬದ ಕೆರೆಗಳೂ ತುಂಬಿ ಕೋಡಿ ಹರಿದ ಮಳೆಗಾಲದಲ್ಲಿ. ಹೆಸರಘಟ್ಟದ ಆಚೆ, ಮಾಕಳಿ ಕಡೆಗೆ ತಿರುಗುವ ಒಂದು ಒಳದಾರಿ. ಊರಿನ ಹೆಸರು ಬೇಡ. ಶೈಲಾಳ ಮಗು ಆಗಿನ್ನೂ ಅಂಬೆಗಾಲಿಡುತ್ತಿತ್ತು. ಹೆರಿಗೆಯಾದ ಮೇಲೆ ಅವಳು ಇಷ್ಟು ದೂರ ಹೊರಟದ್ದು ಅದೇ ಮೊದಲು. ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿನವರೆಗೂ ಬಂದರು. "ಕೂಸು ಹಾಲಿಗೆ ಅಳ್ತದೆ, ಬೇಗ ಬಂದ್ಬಿಡಿ. ಇವಳನ್ನ ನಿನ್ನ ಕೈಗೆ ಒಪ್ಪಿಸ್ತಿದೀನಿ ಕಣಮ್ಮ" ಎಂದು ನನಗೆ ಹೇಳಿದರು. ನಾನು ನಕ್ಕು ಪೆಡಲ್ ತುಳಿದೆ.

ಹಿಂದಿನ ರಾತ್ರಿ ಜೋರು ಮಳೆಯಾಗಿ, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹೆಸರಘಟ್ಟದ ಹುಲ್ಲುಗಾವಲು ದಾಟಿ, ಒಂದು ಸಣ್ಣ ಕೆರೆಯ ಏರಿ ಹತ್ತಿ, ಇನ್ನೊಂದು ಬದಿಗೆ ಇಳಿದರೆ ಒಂದು ಹಳ್ಳ. ಸೇತುವೆಯಿಲ್ಲ. ಹಳ್ಳದ ತಳದಲ್ಲೇ ಚಪ್ಪಡಿ ಹಾಸಿದ್ದಾರೆ, ಅದರ ಮೇಲೆ ನಡೆದು ದಾಟಬೇಕು. ಹಿಂದಿನ ವಾರ ನಾನೊಬ್ಬಳೇ ಬಂದಾಗ ಮೊಣಕಾಲುದ್ದ ನೀರಿತ್ತು, ವಾಪಸು ಹೋಗಿದ್ದೆ. ಆ ದಿನ ನೋಡಿದರೆ ನೀರೇ ಇಲ್ಲ. ಚಪ್ಪಡಿಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಅಲ್ಲಲ್ಲಿ ನಿಂತ ಗುಂಡಿಗಳಲ್ಲಿ ಚಿಕ್ಕ ಮೀನುಗಳು ಚಟಪಟ ಒದ್ದಾಡುತ್ತಿದ್ದವು. ರಾತ್ರಿಯಿಡೀ ಮಳೆ ಸುರಿದ ಮೇಲೆ ಹಳ್ಳ ಒಣಗುವುದು ಹೇಗೆ? ಮನಸ್ಸಿಗೆ ಸರಿಬರಲಿಲ್ಲ. "ಒಂದ್ನಿಮಿಷ ನಿಲ್ಲು" ಎಂದು ಕೂಗುವಷ್ಟರಲ್ಲಿ ಶೈಲಾ ಇಳಿಜಾರಿನಲ್ಲಿ ಜಾರಿಕೊಂಡು ಹೋಗಿ ಹಳ್ಳದ ನಡುವೆ ಇದ್ದಳು. ಅಲ್ಲೇ ಅವಳ ಸೈಕಲ್ಲಿನ ಚೈನ್ ಕಳಚಿತು. ಇಳಿದು, ಕುಕ್ಕರುಗಾಲಿನಲ್ಲಿ ಕೂತು, ಚೈನ್ ಹಾಕತೊಡಗಿದಳು.

ಆಗ ಕೇಳಿಸಿತು. ನನ್ನ ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ವಯಸ್ಸಾದ ಒಬ್ಬ ಹೆಂಗಸಿನ ಧ್ವನಿ.

"ನೀರು ಬತ್ತೈತೆ."

ತಿರುಗಿ ನೋಡಿದೆ. ಯಾರೂ ಇಲ್ಲ. ಏರಿಯ ಮೇಲಿನ ಪೊದೆಗಳನ್ನೆಲ್ಲ ಆಗಷ್ಟೇ ಜೆಸಿಬಿಯಿಂದ ಸವರಿದ್ದರು. ಈ ತುದಿಯಿಂದ ಆ ತುದಿಯವರೆಗೆ ಬರೀ ಕೆಂಪು ಮಣ್ಣು, ಒಂದು ಕೋಳಿ ಅಡಗುವುದಕ್ಕೂ ಜಾಗವಿರಲಿಲ್ಲ. ಹೆದರಿಕೆ ಎಂದರೆ ಏನೆಂದು ಆಗ ಗೊತ್ತಾಯಿತು.

"ಶೈಲಾ, ಕೇಳಿಸ್ತಾ?" ಎಂದು ಕಿರುಚಿದೆ.

ಅವಳು ತಲೆ ಎತ್ತಲೂ ಇಲ್ಲ. "ಕೇಳಿಸ್ತು ಅಕ್ಕ, ನೀರು ಬತ್ತೋಗಿದೆ ಅಂದ್ರಲ್ಲ! ಇಲ್ಲೇ ಆರಾಮಾಗಿ ಚೈನ್ ಹಾಕ್ಕೊಂಡು ಬರ್ತೀನಿ" ಎಂದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನನ್ನ ತವರು ಬಾಗಲಗುಂಟೆ. ನಾನು ಹುಟ್ಟಿದಾಗ ಅದಿನ್ನೂ ರಾಗಿ ಹೊಲಗಳ ಊರು. ನಮ್ಮ ಮನೆಮಾತಿನಲ್ಲಿ ಬಸ್ಸು ಬತ್ತೈತೆ ಎಂದರೆ ಬಸ್ಸು ಬರುತ್ತಿದೆ ಎಂದು. ಬಾವಿ ಬತ್ತೈತೆ ಎಂದರೆ ಬಾವಿ ಒಣಗಿದೆ ಎಂದು. ಎರಡಕ್ಕೂ ಒಂದೇ ಉಚ್ಚಾರ, ಸಂದರ್ಭ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಶೈಲಾ ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬೆಳೆದವಳು. ಅವಳ ಕಿವಿಗೆ ಬತ್ತುವುದೆಂದರೆ ಒಣಗುವುದು, ಅಷ್ಟೇ. ಕಣ್ಣೆದುರಿಗೆ ಒಣಗಿದ ಹಳ್ಳವೇ ಇರುವಾಗ ಅವಳಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ನನಗೆ ಮಾತ್ರ ಬೇರೆ ಅರ್ಥ ಹೊಳೆಯಲೇ ಇಲ್ಲ. ಆ ಹೆಂಗಸಿನ ದನಿಯಲ್ಲಿದ್ದ ಆತಂಕ ಅಂಥದ್ದು.

ಸೈಕಲ್ ಎಸೆದು ಓಡಿದೆ. ಇಳಿಜಾರಿನಲ್ಲಿ ಜಾರಿ ಬಿದ್ದೆ, ಅಂಗೈ ತರಚಿತು, ಎದ್ದು ಮತ್ತೆ ಓಡಿದೆ. ಅವಳ ರಟ್ಟೆ ಹಿಡಿದು ಎಳೆದೆ. "ಏನಾಯ್ತು ಅಕ್ಕ? ಬಿಡಿ, ಕೈ ನೋಯ್ತಿದೆ, ಸೈಕಲ್ಲು!" ಎಂದು ಅವಳು ಕೊಸರಾಡಿದಳು. ಕಾರಣ ಹೇಳುವುದಕ್ಕೆ ನನಗೆ ಉಸಿರಿರಲಿಲ್ಲ, ಹೇಳಲು ಕಾರಣವೂ ಇರಲಿಲ್ಲ. ಅವಳ ಕೈ ನನ್ನ ಕೈಯಿಂದ ಜಾರಿತು. ಅವಳು ಸೈಕಲ್ಲಿನ ಕಡೆಗೆ ಎರಡು ಹೆಜ್ಜೆ ಹಿಂತಿರುಗಿದಳು. ಅವಳ ಟೀಶರ್ಟಿನ ಕುತ್ತಿಗೆ ಹಿಡಿದೇ ಎಳೆದುಕೊಂಡು ದಿಣ್ಣೆ ಹತ್ತಿಸಿದೆ.

ಇನ್ನೂ ಪೂರ್ತಿ ಮೇಲೆ ಹತ್ತಿರಲಿಲ್ಲ, ತಿರುವಿನಾಚೆ ಕಲ್ಲು ಸುರಿದ ಹಾಗೆ ಸದ್ದಾಯಿತು. ಆಮೇಲೆ ನೀರು ಬಂತು. ನೀರೆಂದರೆ ನೀರಲ್ಲ, ಬಿದಿರಿನ ಮೆಳೆ, ಪ್ಲಾಸ್ಟಿಕ್, ಒಂದು ಇಡೀ ಮರದ ಬೊಡ್ಡೆ, ಎಲ್ಲ ಒಟ್ಟಿಗೆ ಕೆಸರಿನ ಬಣ್ಣದಲ್ಲಿ ಉರುಳಿಕೊಂಡು ಬಂದವು. ಸೈಕಲ್ಲಿನ ಹ್ಯಾಂಡಲ್ ಒಮ್ಮೆ ಮೇಲೆ ಕಂಡಿತು, ಮತ್ತೆ ಕಾಣಲಿಲ್ಲ. ಶೈಲಾ ನನ್ನ ಮಗ್ಗುಲಲ್ಲೇ ಕುಸಿದು ಕೂತಳು. ಇಬ್ಬರೂ ಜೋರಾಗಿ ಅತ್ತೆವು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಸದ್ದು ಕೇಳಿ, ಆಚೆಯ ತೋಪಿನಲ್ಲಿ ಹಸು ಮೇಯಿಸುತ್ತಿದ್ದ ಒಬ್ಬ ಯಜಮಾನರು ಓಡಿಬಂದರು. "ಮ್ಯಾಲ್ಗಡೆ ಮೋರಿಗೆ ಕಸ ಕಟ್ಕೊಂಡು ರಾತ್ರಿಯೆಲ್ಲ ನೀರು ನಿಂತಿತ್ತು ಕಣವ್ವಾ, ಈಗ ಕಿತ್ಕೊಂಡದೆ. ನಿಮ್ ಪುಣ್ಯ ದೊಡ್ದು" ಎಂದರು. ಹಳ್ಳ ಒಣಗಿದ್ದು ಯಾಕೆಂದು ಆಗ ತಿಳಿಯಿತು. ನಮ್ಮನ್ನು ಕೂಗಿದ ಅಜ್ಜಿ ಯಾರು ಎಂದು ಕೇಳಿದೆ. "ಇಲ್ಲಿ ಯಾವ ಅಜ್ಜಿನೂ ಇಲ್ಲ. ಒತ್ತಾರೆಯಿಂದ ನಾನೊಬ್ನೇ ಇರಾದು" ಎಂದರು. ಅವರು ಏನಾದರೂ ಕೂಗಿದ್ದರೇ ಎಂದರೆ, ನಾವಿಬ್ಬರು ಬಂದದ್ದೇ ತಮಗೆ ಗೊತ್ತಿಲ್ಲ ಎಂದರು.

ಅಷ್ಟೇ ಆಗಿದ್ದರೆ ನಾನು ಹೇಗಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ದೂರದ ಹೊಲದಲ್ಲಿ ಯಾರೋ ಆಡಿದ ಮಾತನ್ನು ಬಂಡೆಗುಡ್ಡ ಪ್ರತಿಧ್ವನಿಸಿರಬೇಕು ಎನ್ನಬಹುದಿತ್ತು. ನನ್ನ ಮನಸ್ಸೇ ಅಪಾಯ ಊಹಿಸಿ ಮಾತಾಡಿತು ಎನ್ನೋಣವೆಂದರೆ ಶೈಲಾಳಿಗೂ ಕೇಳಿಸಿದೆ. ಕೆಲವು ದಿನಗಳಾದ ಮೇಲೆ, ಮಗುವಿಗೆ ಗಂಜಿ ತಿನ್ನಿಸುತ್ತಾ ಅವಳು ಯಾವುದೋ ಮಾತಿಗೆ, "ಆ ಮನುಷ್ಯ ಎಷ್ಟು ಮೆತ್ತಗೆ ಹೇಳಿದ ಅಲ್ವಾ ಅಕ್ಕ?" ಎಂದಳು. ಯಾವ ಮನುಷ್ಯ ಎಂದೆ. ಅವಳಿಗೆ ಕೇಳಿಸಿದ್ದು ಗಂಡಸಿನ ಧ್ವನಿ. ನನ್ನ ಕಡೆಯಿಂದಲ್ಲ, ಎದುರು ದಡದಿಂದ. ಆತಂಕವೂ ಇರಲಿಲ್ಲವಂತೆ, ಮನೆಯವರು ಒಳಗೆ ಕರೆಯುವ ಹಾಗಿತ್ತಂತೆ. ಮಾತು ಮಾತ್ರ ಅದೇ. ನನ್ನನ್ನು ಓಡಿಸಿದ ಮಾತೇ ಅವಳನ್ನು ಹಳ್ಳದಲ್ಲಿ ಕೂರಿಸಿತ್ತು.

ಅತ್ತೆಗೆ ಇದ್ಯಾವುದೂ ಗೊತ್ತಿಲ್ಲ. ಯಾರೋ ಅಜ್ಜಿ ಕೂಗಿ ಉಳಿಸಿದರು ಎಂದಷ್ಟೇ ಹೇಳಿದ್ದೇವೆ. ಅದು ಕೆರೆಯ ಗಂಗಮ್ಮನೇ ಎಂದು ಅವರು ಅವತ್ತೇ ತೀರ್ಮಾನಿಸಿ, ಏರಿಯ ಮೇಲೆ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತರು. ಪ್ರತಿ ಮಳೆಗಾಲವೂ ನೆನಪಿಸುತ್ತಾರೆ. ನಾನು ಒಮ್ಮೆ, ಹೋಗಿ ಒಡೆದು ಬಂದುಬಿಡೋಣ, ಅವರಿಗೂ ಸಮಾಧಾನ ಎಂದು ಬ್ಯಾಗಿನಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊರಟೇ ಬಿಟ್ಟಿದ್ದೆ. ಶೈಲಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವಳು, ಅತ್ತೆಗೆ ಕೇಳಿಸದ ಹಾಗೆ ಹತ್ತಿರ ಬಂದಳು.

"ನಿಮ್ಮನ್ನ ಕೂಗಿದವರಿಗೆ ಒಡೀರಿ ಅಕ್ಕ. ಆದ್ರೆ ನನ್ನನ್ನ ಕರೆದಿದ್ದೂ ಅವರೇ ಆಗಿದ್ರೆ?"

ನಾನು ಹೆಗಲಿನಿಂದ ಬ್ಯಾಗು ಇಳಿಸಿದೆ. ಆ ಕಾಯಿಯನ್ನು ಅವತ್ತು ಚಟ್ನಿಗೆ ತುರಿದೆವು.