ಅಗಸಿ ಕಾದ ರಾಯರು

ಅಗಸಿಯ ಗೋಡೆಗೆ ಯಾರಾದರೂ ಬೆನ್ನು ಆನಿಸಿ ಕುಳಿತರೆ ಸಾಕು, ಎದುರಿನ ಮಾಳಿಗೆಯಿಂದ ಕೂಗು ಬರುತ್ತಿತ್ತು: "ಏಯ್, ಅದೇನ್ ನಿಮ್ಮಪ್ಪನ ಮನಿ ಗ್ವಾಡಿ ಏನೋ? ಸರಕೊಂಡು ಕೂಡು!"

ಕೂಗಿದವರು ವೆಂಕಟರಾಯರು. ಗಿಡ್ಡ ದೇಹ, ಕರೀ ಟೋಪಿ, ಬೇಸಗೆಯಲ್ಲೂ ಗುಂಡಿ ಬಿಚ್ಚದ ಕೋಟು. ಕುಲಕರ್ಣಿಕೆ ಹೋದ ಮೇಲೆ ಊರಲ್ಲಿ ಅವರಿಗೆ ಉಳಿದದ್ದು ಆ ಅಗಸಿಯೊಂದೇ, ಆ ಊರಬಾಗಿಲು. ದೇಸಗತಿಯ ಕಾಲದ್ದು; ಎರಡು ಬುರುಜು, ನಡುವೆ ಕಲ್ಲಿನ ಕಮಾನು. ಬೈಲಹೊಂಗಲದ ಪೇಟೆಗೆ ಹೋಗುವ ನಮ್ಮೂರಿನ ಹತ್ತಿಯ ಬಂಡಿಗಳೆಲ್ಲ ಅದರಡಿಯೇ ದಾಟಬೇಕು.

ಕಮಾನು ಬಿರುಕು ಬಿಟ್ಟಾಗ ಜೀರ್ಣೋದ್ಧಾರ ಮಂಡಳಿ ಕಟ್ಟಿದವರೂ ರಾಯರೇ. ಅರಿವೆ ಅಂಗಡಿಯ ನನ್ನನ್ನೂ ಎಳೆದುಕೊಂಡರು. ಸಹಾಯಧನ ಕೇಳಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಉತ್ತರ ಬಂತು: ಸಾಹೇಬರು ಬಂದು ನೋಡುವವರೆಗೆ ಕಟ್ಟಡಕ್ಕೆ ಯಾರೂ ಕೈ ಹಚ್ಚಬಾರದು, ಹಚ್ಚಿದರೆ ಗ್ರಾಂಟು ಇಲ್ಲ. ರಾಯರು ಅದನ್ನು ಚಾವಡಿಯಲ್ಲಿ ಓದಿದ ಠೀವಿ ನೋಡಬೇಕಿತ್ತು, ಗ್ರಾಂಟೇ ಬಂದಂತೆ!

ಸಾಹೇಬರು ಬರುವ ಮೊದಲೇ ರಾಜ್ಯ ಬದಲಾಯಿತು. ನಾವು ಮೈಸೂರಿಗೆ ಸೇರಿದ ದಿನ ಅಗಸಿಯ ಮೇಲೆ ರಾಯರೇ ನಿಂತು ಪಣತಿ ಇಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ತೋರಣಕ್ಕೆಂದು ಗೋಡೆಗೆ ಮೊಳೆ ಹೊಡೆಯಲು ಮಾತ್ರ ಬಿಡಲಿಲ್ಲ. ಆಮೇಲೆ ತಿಳಿಯಿತು, ನಮ್ಮ ಅರ್ಜಿ ಮುಂಬಯಿಯಲ್ಲೇ ಉಳಿದಿತ್ತು. ಹೊಸ ಸರಕಾರಕ್ಕೆ ಹೊಸ ಅರ್ಜಿ ಹಾಕಿದೆವು. ಉತ್ತರ ಮಾತ್ರ ಹಳೆಯದೇ: ಕೈ ಹಚ್ಚಬೇಡಿ, ಬರುತ್ತೇವೆ.

ಮಳೆಗಾಲ ಹಿಡಿಯಿತು. ಕಮಾನಿನ ಒಂದು ಕಲ್ಲು ಜಾರಿತು. ಅದರಡಿಯಲ್ಲಿ ಕಾಶವ್ವ ದಿನವೂ ಉಳ್ಳಾಗಡ್ಡಿ ಮಾರುತ್ತಿದ್ದಳು. ಕಟ್ಟಿಗೆ ಒಡೆದು ಬದುಕುವ ಅವಳ ಮಗ ಈರಪ್ಪ ಎರಡು ಜಾಲಿ ತೊಲೆ ತಂದು ಆಸರೆ ಕೊಟ್ಟ. ರಾಯರು ಛತ್ರಿ ಬಿಟ್ಟು ಓಡಿಬಂದರು.

"ತಗೀಯೋ ಈರಪ್ಪಾ! ಇಷ್ಟು ದಿನಾ ಕಾದದ್ದೆಲ್ಲಾ ನೀರಾಗ ಹೋಗತದ!"

"ಬೀಳಾಕ ಬಂದೈತ್ರೀ ರಾಯರ. ನಮ್ಮವ್ವ ಕುಂದರೂ ಜಾಗಾರೀ ಇದು."

"ಅವ್ವಗ ನಾಕ ದಿನ ಬ್ಯಾರೆ ಕಡೆ ಕೂಡಂತ ಹೇಳು. ಸಾಹೇಬ್ರು ಬರೋ ವಾರ ಬರತಾರ."

ನನಗೆ ಸಿಟ್ಟು ನೆತ್ತಿಗೇರಿತು. "ತೊಲಿ ಇರಲಿ ಬಿಡ್ರಿ ರಾಯರ. ಸಾಹೇಬ್ರು ಬಂದ ದಿನ ತಗದ್ರಾತು."

"ಸುಳ್ಳು ಹೇಳಿ ಊರಬಾಗಲಾ ಕಟ್ಟಬೇಕೇನು, ಚನ್ನಪ್ಪಾ?"

ರಾಯರು ಕೆಟ್ಟ ಮನುಷ್ಯರಾಗಿದ್ದರೆ ನಾಲ್ಕು ಬೈದು, ತೊಲೆ ಅಲ್ಲೇ ಬಿಟ್ಟು ಬರಬಹುದಿತ್ತು. ಅವರ ಪ್ರಾಮಾಣಿಕತನವೇ ನಮ್ಮ ಕೈ ಕಟ್ಟಿಹಾಕಿತು. ಈರಪ್ಪ ತೊಲೆ ತೆಗೆದ.

ಕಾಶವ್ವ ಜಾಗ ಬಿಡಲಿಲ್ಲ. ಆ ಮಳೆಯಲ್ಲಿ ಬೇರೆ ಆಸರೆ ಎಲ್ಲಿತ್ತು ಅವಳಿಗೆ? ಸಂತೆಯ ದಿನವೇ ಕಮಾನು ಕುಸಿಯಿತು. ಅದೇ ತೊಲೆಗಳಿಂದ ಮೀಟಿ ಕಲ್ಲು ಎತ್ತಿದೆವು. ಮೊದಲು ಉಳ್ಳಾಗಡ್ಡಿಯ ಬುಟ್ಟಿ ಸಿಕ್ಕಿತು. ಆಮೇಲೆ ಅವಳು.

ಮಳೆ ನಿಂತ ಮೇಲೆ ಸಾಹೇಬರು ಬಂದರು. ಕಟ್ಟಡ ಎಲ್ಲಿ ಎಂದು ಕೇಳಿದರು. ರಾಯರು ಟೋಪಿ ತೆಗೆದು ಕಲ್ಲಿನ ರಾಶಿಯ ಮುಂದೆ ನಿಂತರು.

"ನೀವು ಹೇಳಿಧಾಂಗ ಇಟ್ಟೇವ್ರಿ. ಯಾರೂ ಕೈ ಹಚ್ಚಿಲ್ಲ."

ಇಲ್ಲದ ಕಟ್ಟಡಕ್ಕೆ ದುರಸ್ತಿಯ ಹಣ ಬರುವುದಿಲ್ಲವೆಂದು ಹೇಳಿ ಸಾಹೇಬರು ಜೀಪು ಹತ್ತಿದರು.

ರಾಯರು ರಾಮದುರ್ಗದ ಮಗಳ ಮನೆ ಸೇರಿದರು. ಒಮ್ಮೆ ಹೋಗಿ ಕಂಡೆ. ಅಂಗಳದ ಬಿಸಿಲಲ್ಲಿ ಕುಳಿತಿದ್ದರು. ಮಗಳು ಎಷ್ಟು ಕರೆದರೂ ಮಾಡಿನ ಕೆಳಗೆ ಬರಲಿಲ್ಲ.

"ಈರಪ್ಪ ಏನಂತಾನ?"

"ಏನೂ ಅನ್ನೂದಿಲ್ರಿ."

"ಒಮ್ಮೆ ಬಂದು ಬಾಯಿತುಂಬ ಬೈದು ಹೋಗಂತ ಹೇಳು, ಚನ್ನಪ್ಪಾ. ಯಾರೂ ಬೈಯವಲ್ರು. ತಡಕೊಳ್ಳಿಕ್ಕೆ ಆಗವಲ್ತು."

ಪಾಪ, ನನಗೂ ಬೈಯಲು ಬಾಯಿ ಬರಲಿಲ್ಲ. ಊರಿಗೆ ಬಂದು ಈರಪ್ಪನಿಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ, ಕೊಡಲಿಯನ್ನೂ ನಿಲ್ಲಿಸಲಿಲ್ಲ.

ಬಹಳ ದಿನಗಳ ಮೇಲೆ ಒಂದು ಮುಂಜಾನೆ ಅವನು ರಾಮದುರ್ಗದ ಬಸ್ಸು ಹತ್ತಿದ. ಮರುದಿನ ನನ್ನ ಅಂಗಡಿಯ ಕಟ್ಟೆಗೆ ಬಂದು ಕುಳಿತ.

"ಭೆಟ್ಟಿ ಆತೇನೋ?" ಎಂದೆ.

"ಬೈಯಾಕಂತ ಹೋಗಿದ್ನಿರೀ ಸಾವಕಾರ್ರ. ಆಗಲೇ ಅಂಗಳದಾಗ ಮಲಗಿಸಿದ್ರು," ಎಂದ. "ಸುಡಗಾಡಿಗೆ ಕಟಗಿ ಹೊತ್ತು ಬಂದ್ನಿ."